ಹಗ್ಗ ಹಿಡಿದವನು ಯಾರು

ಬಂಡೆಯ ಬುಡದಿಂದ
ಇಲ್ಲಿಯ ಮೊದಲನೇ ಜೇನುಕಾಲ

ಚಂದ್ರಾ,

ನಾನು ಸತ್ತಿಲ್ಲ. ಮೊದಲು ಇದನ್ನು ನಿನ್ನ ತಂಗಿಗೆ ಹೇಳಿ ಬಾ, ಆಮೇಲೆ ಮುಂದೆ ಓದು.

ಜೇನು ಕೊಳ್ಳುವ ಸೊಸೈಟಿಯ ಚೀಟಿಪುಸ್ತಕದ ಹಾಳೆಯಲ್ಲಿ ಬರೆಯುತ್ತಿದ್ದೇನೆ. 'ಹೆಜ್ಜೇನಿಗೆ ಇಳಿಯುವಾಗಲೂ ಚೀಟಿ, ಪೆನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತೀಯಲ್ಲ ಭಾವ, ಜೇನುನೊಣಕ್ಕೆ ರಸೀದಿ ಕೊಡ್ತೀಯಾ' ಅಂತ ನೀನು ಹಾಸ್ಯ ಮಾಡುತ್ತಿದ್ದೆ. ಈಗ ಮಾಡು ನೋಡೋಣ.

ಆ ದಿನ ನೀನು ಮೇಲೆ ಹಗ್ಗ ಹಿಡಿದಿದ್ದಾಗ, ಬಂಡೆಯ ಸೀಳಿನ ಹತ್ತಿರ ನನ್ನ ಕಾಲು ಜಾರಿತು. ಬಿದ್ದದ್ದು ತರಗೆಲೆಯ ಮೇಲೆ, ಪೆಟ್ಟಾಗಲಿಲ್ಲ. ಎದ್ದು ನೋಡಿದರೆ ಅದೇ ಬಂಡೆ, ಅದೇ ಹೊಳೆ. ಆದರೆ ಗದ್ದೆ ಇಲ್ಲ, ಕರೆಂಟ್ ಕಂಬ ಇಲ್ಲ, ಬತ್ತೇರಿ ರಸ್ತೆ ಇಲ್ಲ. ಕುಂಪಣಿಯ ಸಿಪಾಯಿಗಳು ಬಂದೂಕು ಹಿಡಿದು, ಕೈಗೆ ಸಿಕ್ಕವರ ತಲೆಯ ಮೇಲೆ ಮೆಣಸಿನ ಮೂಟೆ ಹೊರಿಸಿಕೊಂಡು ಹೋಗುತ್ತಾರೆ. ನಮ್ಮ ಮುತ್ತಜ್ಜನ ಮುತ್ತಜ್ಜ ಹುಟ್ಟಿದ್ದಾನೋ ಇಲ್ಲವೋ, ಅಂಥ ಕಾಲ. ಹೇಗೆ ಬಂದೆ ಅಂತ ಕೇಳಬೇಡ. ನನಗೂ ಗೊತ್ತಿಲ್ಲ.

ಇವತ್ತು ಸೀಳಿನಿಂದ ನಿನ್ನ ಹಗ್ಗದ ತುದಿ ಇಣುಕಿತು. ನಿನ್ನದೇ, ಹಸಿರು ದಾರ ಸುತ್ತಿದೆ. ಮೂರು ಸಲ ಎಳೆದೆ. ಮೇಲಿನಿಂದ ಉತ್ತರದ ಎಳೆತ ಬರಲಿಲ್ಲ. ಉತ್ತರ ಬಾರದ ಹಗ್ಗಕ್ಕೆ ಮೈ ಕಟ್ಟಿಕೊಳ್ಳಬಾರದಲ್ಲ. ನಾನೇ ಹತ್ತಿಯೂ ನೋಡಿದೆ. ಎರಡಾಳು ಎತ್ತರ ಹೋದರೆ ಮತ್ತೆ ಅದೇ ತರಗೆಲೆಯ ಮೇಲೆ ನಿಂತಿರುತ್ತೇನೆ. ಮೇಲಿನಿಂದ ಯಾರಾದರೂ ಎಳೆಯಲೇಬೇಕು. ಯಾರಾದರೂ ಅಂದರೆ ನೀನೇ.

ಶೋಭಳಿಗೆ ಧೈರ್ಯ ಹೇಳು. ಬೇಗ ಬಾ.

ನಿನ್ನ ಭಾವ,
ಸುಮೇಶ್


ನೂಲ್ಪುಳ
25 ಜೂನ್ 2025

ಭಾವ,

ನಿನ್ನ ಚೀಟಿ ಸಿಕ್ಕಿತು. ಹೋದ ಅಮಾವಾಸ್ಯೆಗೆ ಹಗ್ಗ ಇಳಿಸಿ ಮರಕ್ಕೆ ಕಟ್ಟಿ ಬಂದಿದ್ದೆ. ಬೆಳಿಗ್ಗೆ ಎಳೆದಾಗ ತುದಿಯಲ್ಲಿ ಅದು ಇತ್ತು. ಅಕ್ಷರ ನಿನ್ನದೇ. ಗಡಿಯಾಚೆಯ ಕನ್ನಡ ಆಶ್ರಮಶಾಲೆಯಲ್ಲಿ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವನಿಗೆ ನಿನ್ನ ಅಕ್ಷರ ಗೊತ್ತಾಗುವುದಿಲ್ಲವೇ?

ಆಮೇಲೆ ಎಷ್ಟು ಸಲ ಇಳಿಸಿದರೂ ಹಗ್ಗ ಬರೀ ಬಂಡೆಗೆ ತಾಗಿತು. ಅಮಾವಾಸ್ಯೆಗೆ ಮಾತ್ರ ದಾರಿ ತೆರೆಯುತ್ತದೆ ಎಂದು ಕಾಣುತ್ತದೆ. ಅದಕ್ಕೇ ಇವತ್ತು ಬಂದೆ. ಬಿದಿರಿನ ಅಂಡೆಯಲ್ಲಿ ಒಂದು ನೋಟ್‌ಬುಕ್ಕು, ಎರಡು ಪೆನ್ನು, ಬೆಂಕಿಪೊಟ್ಟಣ, ಜ್ವರದ ಮಾತ್ರೆ ಇಟ್ಟಿದ್ದೇನೆ.

ಈ ಸಲ ಎಳೆಯಲು ಆಗುವುದಿಲ್ಲ. ಕೈಗೆ ಪೆಟ್ಟಾಗಿದೆ. ಒಂದು ತಿಂಗಳು ತಡೆದುಕೋ. ಒಂದೇ ತಿಂಗಳಲ್ಲವೇ.

ಶೋಭ ಚೆನ್ನಾಗಿದ್ದಾಳೆ. ಅಮ್ಮನೂ ಚೆನ್ನಾಗಿದ್ದಾಳೆ. ನಾವೆಲ್ಲ ಒಟ್ಟಿಗೇ ಇದ್ದೇವೆ. ಎಲ್ಲರಿಗೂ ವಿಷಯ ಹೇಳಿದ್ದೇನೆ. ನಿನ್ನನ್ನು ಕೇಳುತ್ತಾರೆ.

ಚಂದ್ರನ್


ಬಂಡೆಯ ಬುಡದಿಂದ
ಎರಡನೇ ಜೇನುಕಾಲ

ಚಂದ್ರಾ,

ಒಂದು ಕಾಗದ ಬರೆಯಲು ನಿನಗೆ ಇಷ್ಟು ಹೊತ್ತು ಬೇಕಾಯಿತೇ? ಬರೆದದ್ದು ಹದಿನೈದು ಸಾಲು. ಅದರಲ್ಲೂ ತಾರೀಖು ತಪ್ಪು! 2025 ಅಂತ ಹಾಕಿದ್ದೀಯ, 2027 ಆಗಬೇಕು. ವರ್ಷ ಬರೆಯುವುದರಲ್ಲಿ ನೀನು ಶಾಲೆಯಲ್ಲೂ ಹೀಗೇ. ಹೊಸ ವರ್ಷ ಬಂದು ಜೂನ್ ಆದರೂ ಹಳೆಯದನ್ನೇ ಬರೆದು ಮೇಷ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳುತ್ತಿದ್ದೆ.

ನೋಟ್‌ಬುಕ್ಕು ನೋಡಿ ಇಲ್ಲಿಯವರಿಗೆ ಆಶ್ಚರ್ಯ. ಚಾತನ್ ಎಂಬ ಮುದುಕ ನನ್ನನ್ನು ತನ್ನ ಗುಡಿಸಲಿನಲ್ಲಿ ಇಟ್ಟುಕೊಂಡಿದ್ದಾನೆ. ಅವರ ಮಾತು ನಮ್ಮ ಮಾತೇ, ಸ್ವಲ್ಪ ಎಳೆದು ಆಡುತ್ತಾರೆ ಅಷ್ಟೆ. ಮೊದಲ ದಿನ ನನ್ನ ಚಡ್ಡಿಯ ಜಿಪ್ಪನ್ನು ಹತ್ತು ಸಲ ಎಳೆದು ನೋಡಿದ. ಗೆಣಸು, ಮೀನು, ರಾಗಿ ಸಿಗುತ್ತದೆ. ಉಪ್ಪಿಗೆ ಬಹಳ ಕಷ್ಟ. ಉಪ್ಪು ಕಳಿಸು. ಸಿಪಾಯಿಗಳ ಸದ್ದು ಕೇಳಿದರೆ ಎಲ್ಲರೂ ಕಾಡಿನೊಳಕ್ಕೆ ಹೋಗಿ ಎರಡು ಮೂರು ದಿನ ಕೂರುತ್ತೇವೆ. ಉಳಿದಂತೆ ಜೀವನ ನಡೆಯುತ್ತದೆ. ಈ ವರ್ಷ ಇದೇ ಬಂಡೆಯಿಂದ ನಾಲ್ಕು ಜೇನುತಟ್ಟಿ ಇಳಿಸಿದೆ. ಒಳ್ಳೆ ಜೇನು.

ಮುಖ್ಯವಾದದ್ದನ್ನೇ ನೀನು ಬರೆಯಲಿಲ್ಲ. ನಾನು ಬಿದ್ದಾಗ ಶೋಭಳ ಹೊಟ್ಟೆಯಲ್ಲಿದ್ದ ಮಗು ಗಂಡೋ ಹೆಣ್ಣೋ? ಈ ಹೊತ್ತಿಗೆ ಹಲ್ಲು ಬಂದು, ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿರಬೇಕು. ಯಾರ ಹಾಗೆ ಇದೆ? ಅದನ್ನು ಬರೆ. ಅಪ್ಪ ಎಲ್ಲಿ ಅಂತ ಕೇಳಿದರೆ ಏನು ಹೇಳುತ್ತೀರಿ, ಅದನ್ನೂ ಬರೆ.

ಕೈ ವಾಸಿ ಮಾಡಿಕೊಂಡು ಬೇಗ ಎಳೆ ಮಾರಾಯ.

ಸುಮೇಶ್


ನೂಲ್ಪುಳ
24 ಜುಲೈ 2025

ಭಾವ,

ತಾರೀಖು ಸರಿಯಾಗಿಯೇ ಹಾಕಿದ್ದೇನೆ. ನೀನು ಹೋಗಿ ಮೂರು ತಿಂಗಳೂ ತುಂಬಿಲ್ಲ. ಮಗು ಹುಟ್ಟಿಯೇ ಇಲ್ಲ, ಇನ್ನು ಹಲ್ಲು ಎಲ್ಲಿಂದ? ಅಲ್ಲಿಯ ನೀರು ಕುಡಿದು ನಿನ್ನ ತಲೆ ಕೆಟ್ಟಿದೆಯೋ ಏನೋ ತಿಳಿಯದು.

ಅದು ಹಾಗಿರಲಿ. ನಾಲ್ಕು ತಟ್ಟಿ ಇಳಿಸಿದೆ ಎಂದು ಬರೆದಿದ್ದೀಯ. ಇದೇ ಬಂಡೆಯಿಂದ. ಈ ಬಂಡೆಗೆ ಹಗ್ಗವಿಲ್ಲದೆ ಇಳಿಯಲು ಆಗುವುದಿಲ್ಲ, ನಿನಗೂ ಗೊತ್ತು ನನಗೂ ಗೊತ್ತು.

ಹಗ್ಗ ಹಿಡಿದವನು ಯಾರು?

ನಮ್ಮಲ್ಲಿ ಹೆಂಡತಿಯ ಅಣ್ಣನೋ ತಮ್ಮನೋ ಅಲ್ಲದೆ ಇನ್ನೊಬ್ಬರು ಹಗ್ಗ ಮುಟ್ಟಿದ್ದನ್ನು ನಾನು ಕಂಡಿಲ್ಲ, ನಮ್ಮ ಅಜ್ಜನೂ ಕಂಡಿಲ್ಲ. ಕೈ ಬಿಟ್ಟರೆ ತನ್ನ ತಂಗಿಯೇ ವಿಧವೆಯಾಗುತ್ತಾಳೆ ಎಂಬ ಭಯ ಇರುವವನು ಮಾತ್ರ ಹಿಡಿಯಬೇಕು ಎಂದು ತಾನೇ ಹಿರಿಯರು ಕಟ್ಟು ಮಾಡಿದ್ದು? ನೀನು ಈಗ ಇರುವ ಕಾಲದಲ್ಲಿ ಅದು ಇನ್ನೂ ಬಿಗಿಯಾಗಿರಬೇಕು. ಹಾಗಾದರೆ ಅಲ್ಲಿ ನಿನಗೆ ಹಗ್ಗ ಹಿಡಿದವನಿಗೆ ಒಬ್ಬಳು ತಂಗಿ ಇದ್ದಾಳೆ.

ಉಪ್ಪು ಇಟ್ಟಿದ್ದೇನೆ. ಈ ಪ್ರಶ್ನೆಗೆ ಉತ್ತರ ಬರುವ ತನಕ ನಾನು ಎಳೆಯುವುದಿಲ್ಲ.

ಚಂದ್ರನ್


ಬಂಡೆಯ ಬುಡದಿಂದ
ಮೂರನೇ ಜೇನುಕಾಲ

ಚಂದ್ರಾ,

ಈಗ ಅರ್ಥವಾಯಿತು. ನಿನಗೆ ಒಂದು ತಿಂಗಳು ಕಳೆದರೆ ನನಗೆ ಒಂದು ವರ್ಷ. ನಿನ್ನ ಹಗ್ಗ ಒಂದು ರಾತ್ರಿ ನೇತಾಡಿದರೆ ಇಲ್ಲಿ ಆರು ದಿನ ಕಾಣುತ್ತದೆ. 'ಒಂದೇ ತಿಂಗಳಲ್ಲವೇ' ಎಂದು ನೀನು ಬರೆದದ್ದನ್ನು ಹೋದ ವರ್ಷ ಓದಿದ್ದೆ. ಇವತ್ತು ಮತ್ತೆ ತೆಗೆದು ಓದಿದೆ.

ಮೂರು ವರ್ಷದಿಂದ ನಾನು ಇಲ್ಲಿ ಮನಸ್ಸಿನಲ್ಲೇ ಬೆಳೆಸಿದ ಮಗು ಇನ್ನೂ ಹುಟ್ಟಿಲ್ಲ. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಹಗ್ಗ ಹಿಡಿದದ್ದು ಚಾತನ್‌ನ ಮಗ ಬೊಮ್ಮನ್. ಅದರ ಮಿಕ್ಕ ಕತೆ ಶೋಭ ಬಸುರಿಯಾಗಿರುವಾಗ ಹೇಳುವಂಥದ್ದಲ್ಲ. ಬಂದು ಹೇಳುತ್ತೇನೆ. ನೀನು ತಿಳಿದುಕೊಂಡ ಹಾಗಲ್ಲ.

ಮುಂದಿನ ಅಮಾವಾಸ್ಯೆಗೆ ನಾನು ಬಂಡೆಯ ಬುಡದಲ್ಲೇ ಇರುತ್ತೇನೆ. ಹಗ್ಗ ಕಂಡ ಕೂಡಲೇ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಎಳೆ. ಹೆರಿಗೆಗೆ ಮೊದಲು ಬರಬೇಕು. ಕೈ ಮುಗಿಯುತ್ತೇನೆ.

ಸುಮೇಶ್


ಬಂಡೆಯ ಮೇಲಿನಿಂದ
21 ಸೆಪ್ಟೆಂಬರ್ 2025

ಭಾವ,

ಆಗಸ್ಟಿನ ಅಮಾವಾಸ್ಯೆಗೆ ನಾನು ಬರಲಿಲ್ಲ. ಬಸ್ಸು ಇತ್ತು, ಮಳೆಯೂ ಇರಲಿಲ್ಲ. ಬೇಕೆಂದೇ ಬರಲಿಲ್ಲ. 'ಚಾತನ್‌ನ ಮಗ' ಎಂದು ಓದಿದ ಮೇಲೆ ನನ್ನ ತಲೆಯಲ್ಲಿ ಚಾತನ್‌ನ ಮಗಳು ಬಿಟ್ಟು ಬೇರೇನೂ ಉಳಿಯಲಿಲ್ಲ. ಒಂದು ತಿಂಗಳು ಅನುಭವಿಸಲಿ ಎಂದುಕೊಂಡೆ. ಅದು ನಿನಗೆ ಒಂದು ವರ್ಷ ಎಂದು ಗೊತ್ತಿದ್ದೇ ಹಾಗೆ ಮಾಡಿದೆ.

ಇವತ್ತು ಮಧ್ಯಾಹ್ನದಿಂದ ಹಗ್ಗ ಹಿಡಿದು ಕೂತಿದ್ದೇನೆ. ಎಷ್ಟು ಎಳೆದರೂ ಕೆಳಗಿನಿಂದ ಉತ್ತರವಿಲ್ಲ. ಈಗ ಕತ್ತಲಾಗುತ್ತಾ ಬಂತು, ಆನೆ ಇಳಿಯುವ ಹೊತ್ತು. ಈ ಕಾಗದ ಕಟ್ಟಿ ಹೋಗುತ್ತೇನೆ. ನೀನು ಅಲ್ಲಿ ಇದ್ದರೆ ಇದನ್ನಾದರೂ ಓದಬೇಕು. ಇಷ್ಟು ದಿನ ಬರೆದದ್ದರಲ್ಲಿ ಸುಳ್ಳು ಬಹಳ ಇತ್ತು.

ನಾನು ನೂಲ್ಪುಳದಲ್ಲಿ ಇಲ್ಲ. ನೀನು ಬಿದ್ದ ಮೂರನೇ ದಿನವೇ ಕಾಲೊನಿಯಲ್ಲಿ ಎಲ್ಲರನ್ನೂ ಕೂರಿಸಿ, ಚಂದ್ರ ಇನ್ನು ಯಾರಿಗೂ ಹಗ್ಗ ಹಿಡಿಯಬಾರದು ಎಂದು ಊರ ಯಜಮಾನ ಮೂಪ್ಪನ್ ಹೇಳಿದ. ಅಮ್ಮ ತಲೆ ಬಗ್ಗಿಸಿ ಕೂತಿದ್ದಳು. ಶೋಭ ನನ್ನ ಕಡೆ ನೋಡಲಿಲ್ಲ. ಅಂದಿನಿಂದ ಗುಂಡ್ಲುಪೇಟೆಯ ಹತ್ತಿರ ಶುಂಠಿ ಹೊಲದಲ್ಲಿ ಕೂಲಿಗೆ ಇದ್ದೇನೆ. ಅಮಾವಾಸ್ಯೆಗೊಮ್ಮೆ ಬಸ್ಸು ಹತ್ತಿ ಇಲ್ಲಿಗೆ ಬರುತ್ತೇನೆ. ನಿನ್ನ ತಿಥಿಯೂ ಆಯಿತು. ನನ್ನನ್ನು ಕರೆಯಲಿಲ್ಲ.

ಕೈಗೆ ಪೆಟ್ಟಾಗಿರಲಿಲ್ಲ. ಭಯವಾಗಿತ್ತು. ಏಪ್ರಿಲಿನಲ್ಲಿ ಜೇನುಹುಳು ಮುಖಕ್ಕೆ ಮುತ್ತಿದಾಗ ಕಣ್ಣು ಒರೆಸಿಕೊಳ್ಳಲು ಹಗ್ಗದಿಂದ ಒಂದು ಕೈ ತೆಗೆದೆ. ಒಂದೇ ಕೈ, ಒಂದೇ ಗಳಿಗೆ. ಆಮೇಲೆ ಹಗ್ಗ ಹಗುರವಾಗಿತ್ತು. ಮೇ ತಿಂಗಳಲ್ಲಿ ಹೆಣವಾದರೂ ಸಿಗಲಿ ಎಂದು ಇಳಿಸಿದೆ. ಮೂರು ಸಲ ಎಳೆದಿದ್ದು ಕೈಗೆ ತಿಳಿಯಿತು, ಭಾವ. ನಾನು ಅಲ್ಲೇ ಇದ್ದೆ. ನಿನ್ನ ಪ್ರೇತ ಕರೆಯುತ್ತಿದೆ ಎಂದು ಹಗ್ಗವನ್ನು ಮರಕ್ಕೆ ಕಟ್ಟಿ ಓಡಿದೆ. ಅವತ್ತು ಒಂದು ಸಲ ತಿರುಗಿ ಎಳೆದಿದ್ದರೆ ನೀನು ಬಂದಿರುತ್ತಿದ್ದೆ.

ನಿನ್ನ ಮೊದಲ ಚೀಟಿಯನ್ನು ಶೋಭಳಿಗೆ ತೋರಿಸಿದ್ದೆ. ಅವಳು ಶಾಲೆಯಲ್ಲಿ ಕಲಿತದ್ದು ಮಲಯಾಳ, ಕನ್ನಡ ಓದಲು ಬರುವುದಿಲ್ಲವಲ್ಲ. "ನೀನೇ ಬರ್ಕಂಡು ಬಂದು ನಂಗೆ ತೋರಿಸ್ತೀಯಾ?" ಎಂದು ಬಾಗಿಲು ಹಾಕಿದಳು.

ಸೆಪ್ಟೆಂಬರ್ 12ಕ್ಕೆ ಹೆರಿಗೆಯಾಯಿತು. ಹೆಣ್ಣು ಮಗು. 15ಕ್ಕೆ ಬತ್ತೇರಿಯ ಆಸ್ಪತ್ರೆಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನಗೆ ಸಿಟ್ಟು ಬಂದು ಎಲ್ಲ ಹೇಳಿಬಿಟ್ಟೆ. ನಿನ್ನ ಗಂಡ ಅಲ್ಲಿ ಜೇನು ಇಳಿಸುತ್ತಿದ್ದಾನೆ, ಅವನಿಗೆ ಹಗ್ಗ ಹಿಡಿಯಲು ಇನ್ನೊಬ್ಬಳ ಅಣ್ಣ ಇದ್ದಾನೆ ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಎದ್ದು ಕೂತು ನನ್ನ ಮುಖವನ್ನೇ ನೋಡಿದಳು.

"ಸತ್ತೋದೋನ್ಗೆ ಹಗ್ಗ ಹಿಡ್ಯೋಕೆ ಆಳು ಯಾಕಣ್ಣ? ಹಂಗಾದ್ರೆ ಬದ್ಕವ್ನೆ."

"ಇನ್ನೊಬ್ಬಳು ಇದಾಳೆ ಅಂತ ಹೇಳ್ತಾ ಇದೀನಿ."

"ಇದ್ರೆ ಇರ್ಲಿ. ಅದ್ನ ನಾನು ಕೇಳ್ಕೊತೀನಿ, ಅದು ನಂಗೂ ಅವ್ನಿಗೂ ಇರೋ ಮಾತು. ನೀನು ಮೊದ್ಲು ಎಳ್ದು ಹಾಕು."

ನಾನು ಸುಳ್ಳು ಕಟ್ಟುವವನಾಗಿದ್ದರೆ ಇಂಥ ಸುಳ್ಳು ಕಟ್ಟುತ್ತಿರಲಿಲ್ಲ ಎಂದು ಅವಳಿಗೆ ಹೊಳೆದಿರಬೇಕು.

ಅಕ್ಟೋಬರ್ 21ಕ್ಕೆ ಅವಳೂ ಬರುತ್ತಾಳೆ. ದಯವಿಟ್ಟು ಬುಡದಲ್ಲಿ ಇರು.

ಚಂದ್ರನ್


ಬಂಡೆಯ ಬುಡದಿಂದ
ಐದನೇ ಜೇನುಕಾಲ

ಚಂದ್ರಾ,

ಹಗ್ಗ ಬಂದ ಮೂರನೇ ದಿನ ನಾನು ಬಂಡೆಯ ಹತ್ತಿರ ಬಂದದ್ದು. ಇನ್ನು ಬರುವುದಿಲ್ಲ ಎಂದೇ ನಂಬಿದ್ದೆ. ಹೋದ ವರ್ಷ ಇಲ್ಲಿಯ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ಇಲ್ಲೇ ಮಲಗಿದ್ದೆ. ಸೀಳು ನೋಡಿ ನೋಡಿ ಕಣ್ಣು ಸೋತಿತು. ಅದೇ ಹೊತ್ತಿನಲ್ಲಿ ಸಿಪಾಯಿಗಳು ಗುಡಿಸಲುಗಳಿಗೆ ಬೆಂಕಿ ಇಟ್ಟರು. ಚಾತನ್ ಹೋದ. ಬೊಮ್ಮನ್‌ನ ಕಾಲಿಗೆ ಗುಂಡು ತಗುಲಿ ಈಗ ಕುಂಟುತ್ತಾನೆ. ನಾನು ಊರಲ್ಲಿದ್ದಿದ್ದರೆ ಮುದುಕನನ್ನು ಹೊತ್ತುಕೊಂಡು ಓಡುತ್ತಿದ್ದೆ. ನಿನ್ನ ಹಗ್ಗ ಕಾಯುತ್ತಾ ಇಲ್ಲಿ ಕೂತಿದ್ದೆ.

ನಿನ್ನ ಮೇಲೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಬಹಳ ಬಂತು. ಆದರೆ ನಿನ್ನ ಕಾಗದ ಓದಿದ ಮೇಲೆ ನಿನ್ನನ್ನು ಬೈಯುವ ಹಕ್ಕು ನನಗಿಲ್ಲ ಎನಿಸಿತು. ನಾನೂ ಒಂದು ಮುಚ್ಚಿಟ್ಟಿದ್ದೇನೆ.

ಏಪ್ರಿಲಿನಲ್ಲಿ ನೀನು ಕೈ ತೆಗೆದದ್ದರಿಂದ ನಾನು ಬೀಳಲಿಲ್ಲ. ಸೀಳಿನ ಒಳಗೆ ಇನ್ನೊಂದು ತಟ್ಟಿ ಇತ್ತು, ಮೊಳದಷ್ಟು ದೂರ. ಹಗ್ಗ ಸಾಲಲಿಲ್ಲ. ಸೊಂಟದ ಗಂಟನ್ನು ನಾನೇ ಬಿಚ್ಚಿ ಒಳಗೆ ಕಾಲಿಟ್ಟೆ. ಎಂದೂ ಬಿಚ್ಚುವುದಿಲ್ಲ ಎಂದು ಶೋಭಳಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಕಾಲು ಜಾರಿತು ಎಂದು ಬರೆದೆ. ನನ್ನ ಒಂದು ಮೊಳದ ಆಸೆಗೆ ನಿನ್ನನ್ನು ಊರು ಬಿಡಿಸಿದರು. ಹಗ್ಗ ಹಗುರವಾದದ್ದು ನನ್ನಿಂದ ಚಂದ್ರಾ, ನಿನ್ನಿಂದಲ್ಲ. ಇದನ್ನು ಇಷ್ಟು ವರ್ಷ ಬರೆಯದೆ ಇದ್ದದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಈಗ ಬೊಮ್ಮನ್‌ನ ವಿಷಯ. ಇಲ್ಲಿ ಜೇನು ಇಳಿಸದೆ ಹೊಟ್ಟೆ ತುಂಬುವುದಿಲ್ಲ. ಹೆಂಡತಿಯ ಕಡೆಯವನಿಲ್ಲದೆ ಹಗ್ಗ ಹಿಡಿಯುವವರಿಲ್ಲ. ನನಗೆ ಹೆಂಡತಿ ಇದ್ದಾಳೆ, ಅವಳಿನ್ನೂ ಹುಟ್ಟಿಲ್ಲ ಎಂದು ಇವರಿಗೆ ಹೇಗೆ ಹೇಳಲಿ? ಹೇಳಿದೆ. ಚಾತನ್ ಮೂರು ದಿನ ಯೋಚನೆ ಮಾಡಿದ. ಅವನಿಗೆ ಕೆಂಪಿ ಎಂದು ಒಬ್ಬಳು ಮಗಳು, ಮದುವೆಗೆ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳನ್ನು ಮಣ್ಣು ಮಾಡಿದ ಕಲ್ಲಿಗೆ ನನ್ನ ಕೈಯಲ್ಲಿ ದಾರ ಕಟ್ಟಿಸಿದ. "ಈಗ ನೀ ನನ್ನ ಮಗಳ ಗಂಡ. ಬದ್ಕಿರೋ ಹೆಣ್ಗೆ ಮೋಸ ಆಗ್ಲಿಲ್ಲ, ಸತ್ತೋಳ್ಗೂ ಒಬ್ಬ ಆದ" ಎಂದ. ಬೊಮ್ಮನ್ ಅಂದಿನಿಂದ ನನ್ನ ಹಗ್ಗ ಹಿಡಿದ. ಸತ್ತವಳ ಗಂಡ ಎಂಬ ಮಾತು ಬಸುರಿಯ ಕಿವಿಗೆ ಬೀಳಬಾರದು ಎಂದು ನಾನು ಬರೆಯಲಿಲ್ಲ.

ಯೋಚಿಸು ಚಂದ್ರಾ. ನಾನು ಸತ್ತರೆ ವಿಧವೆಯಾಗುವ ತಂಗಿ ಅವನಿಗೆ ಇಲ್ಲ. ಕೈ ಬಿಟ್ಟರೆ ಅವನನ್ನು ಕೇಳುವವರಿಲ್ಲ. ನಾಲ್ಕು ಜೇನುಕಾಲ ಹಿಡಿದ, ಹುಳು ಮುತ್ತಿದಾಗಲೂ ಹಿಡಿದ.

ಅವನನ್ನು ಈ ಸ್ಥಿತಿಯಲ್ಲಿ ಬಿಟ್ಟು ಬರಲೋ ಬೇಡವೋ ಎಂದು ನಿನ್ನ ಕಾಗದ ಸಿಕ್ಕಿದ ಮೇಲೆ ಐದು ದಿನ ಯೋಚಿಸಿದೆ. ಇವತ್ತು ಅವನೇ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತ. "ಮಗ ಹುಟ್ಟೈತಂತಲ್ಲ," ಎಂದ. ಮಗಳು ಎಂದೆ. "ಹಂಗಾದ್ರೆ ಇನ್ನೇನ್ ಕುಂತಿದ್ದೀ? ಹೋಗು." ಅಷ್ಟೆ.

ಬರುತ್ತೇನೆ. ಮುಂದಿನ ಅಮಾವಾಸ್ಯೆಗೆ ನೀನು ಎಳೆ, ಈ ಸಲ ಗಂಟು ಬಿಚ್ಚುವುದಿಲ್ಲ.

ಸುಮೇಶ್


ಬಂಡೆಯ ಮೇಲಿನಿಂದ
21 ಅಕ್ಟೋಬರ್ 2025, ಬೆಳಿಗ್ಗೆ

ಭಾವ,

ಬಂದಿದ್ದೇವೆ. ಅಮ್ಮ ಮಗುವನ್ನು ಎತ್ತಿಕೊಂಡು ನೆರಳಿನಲ್ಲಿ ಕೂತಿದ್ದಾಳೆ. ಶೋಭ ಹಗ್ಗದ ಈ ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಕೈ ನಡುಗಿದರೆ ನಡುಗಲಿ, ಬಿಡೋಕೆ ಆಗಬಾರದು ಎಂದಳು.

ಕಟ್ಟಿಕೊಂಡು ಎಳೆ. ಉತ್ತರ ಕೊಡುತ್ತೇನೆ.

ಚಂದ್ರನ್


ನೂಲ್ಪುಳ
23 ನವೆಂಬರ್ 2025

ಚಂದ್ರಾ,

ಈ ಕಾಗದವನ್ನು ಗುಂಡ್ಲುಪೇಟೆ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಎಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಆದರೂ ನಿನಗೆ ಕಾಗದವೇ ಬರೆಯಬೇಕಾಯಿತು. ಫೋನ್ ಎತ್ತುವುದಿಲ್ಲವಲ್ಲ ನೀನು.

ನನ್ನನ್ನು ಮೇಲಕ್ಕೆಳೆದು, ನಿನ್ನ ಸೊಂಟದ ಗಂಟು ಬಿಚ್ಚಿ, ಮುಖವನ್ನೂ ನೋಡದೆ ಹೊರಟುಬಿಟ್ಟೆ. ಅಂಗೈ ಸುಲಿದು ರಕ್ತ ಸೋರುತ್ತಿತ್ತು. ಕರೆದೆ. ಕೇಳದವನ ಹಾಗೆ ಇಳಿದುಹೋದೆ. ಆಮೇಲೆ ಏನಾಯಿತು ಎಂದು ನಿನಗೆ ಹೇಳಿದವರು ಯಾರೂ ಇರಲಿಕ್ಕಿಲ್ಲ.

ಶೋಭ ನನ್ನ ತಲೆ ಮುಟ್ಟಿ ನೋಡಿ, "ಆರ್ ತಿಂಗ್ಳಿಗೆ ಇಷ್ಟ್ ನರೆನಾ?" ಎಂದಳು. ಆಮೇಲೆ ಕೂತು ಬಹಳ ಹೊತ್ತು ಅತ್ತಳು. ಗಂಟು ಬಿಚ್ಚಿದ್ದನ್ನು ಮೊದಲು ಹೇಳಿದೆ, ಕೆಂಪಿಯ ವಿಷಯ ಆಮೇಲೆ. ಮೊದಲನೆಯದಕ್ಕೆ ಎರಡು ದಿನ ಮಾತು ಬಿಟ್ಟಳು. ಎರಡನೆಯದಕ್ಕೆ, ಸತ್ತವಳ ಮೇಲೆ ನನಗೇನು ಹೊಟ್ಟೆಕಿಚ್ಚು, ಅವಳ ಅಣ್ಣ ನಿನ್ನ ಜೀವ ಉಳಿಸಿದ ಎಂದಳು. ನನಗೆ ಅವಳು ಪೂರ್ತಿ ಅರ್ಥವಾಗಲು ಇನ್ನೂ ನೂರು ಅಮಾವಾಸ್ಯೆ ಬೇಕು.

ಕಾಡಿನಲ್ಲಿ ದಾರಿ ತಪ್ಪಿ ಆಚೆ ಕಡೆ ಸೇರಿಕೊಂಡಿದ್ದೆ ಎಂದು ಹೊರಗಿನವರಿಗೆ ಹೇಳಿದ್ದೇವೆ. ರೇಷನ್ ಕಾರ್ಡಿನಿಂದ ಹೆಸರು ಹೊಡೆದಿದ್ದರು. ಅದನ್ನು ಸೇರಿಸುವ ಹುಡುಗಿ ಆಧಾರ್ ಫೋಟೋ ನೋಡಿ, ಇದು ನಿನ್ನ ತಮ್ಮನದೋ ಎಂದು ಕೇಳಿದಳು. ಹೆಬ್ಬೆಟ್ಟು ಒತ್ತಿದ ಮೇಲೆ ನಂಬಿದಳು. ಕಾಲೊನಿಯವರ ಮುಂದೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಗ್ಗ ಬಿಚ್ಚಿದವನು ನಾನು, ಚಂದ್ರನದೇನೂ ತಪ್ಪಿಲ್ಲ ಎಂದೆ. ಮೂಪ್ಪನ್ ಎಲೆ ಅಡಿಕೆ ಉಗಿದು ಬಂದು, ತನ್ನ ಮಾತನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಂಡ. ಅದನ್ನು ಕೇಳಲು ನೀನು ಇರಬೇಕಾಗಿತ್ತು.

ಮೊನ್ನೆ ಅಮಾವಾಸ್ಯೆಗೆ ಅಂಡೆಯಲ್ಲಿ ಉಪ್ಪು, ಅಕ್ಕಿ, ಬೆಂಕಿಪೊಟ್ಟಣ ಇಟ್ಟು ಇಳಿಸಿದೆ. ಬೆಳಿಗ್ಗೆ ಅದರಲ್ಲಿ ಜೇನು ತುಂಬಿ ಬಂದಿತ್ತು. ಬೊಮ್ಮನ್ ಇದ್ದಾನೆ. ನಾನು ಬಂದ ಮೇಲೆ ಅವನಿಗೆ ಒಂದು ವರ್ಷ ಕಳೆಯಿತು. ಲೆಕ್ಕ ಹಾಕಿದರೆ, ಈ ಮಗು ಅಂಗನವಾಡಿಗೆ ಹೋಗುವ ಹೊತ್ತಿಗೆ ಅವನು ಮುದುಕ. ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಇರುವುದಿಲ್ಲ. ಒಂದು ಅಮಾವಾಸ್ಯೆಯನ್ನೂ ತಪ್ಪಿಸಬಾರದು ಎಂದು ಶೋಭ ಹೇಳಿದ್ದಾಳೆ. ತಪ್ಪಿಸಿದರೆ ಏನಾಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತು.

ನಿನಗೆ ಬರೆಯಲು ಕೂತದ್ದು ಇದಕ್ಕಲ್ಲ. ಮಗುವಿಗೆ ಎಪ್ಪತ್ತೆರಡು ದಿನವಾಯಿತು, ಇನ್ನೂ ಹೆಸರಿಲ್ಲ. ಸೋದರಮಾವ ಮಡಿಲಲ್ಲಿ ಕೂರಿಸಿಕೊಂಡು ಮೊದಲು ಕರೆಯಬೇಕು ಎಂದು ಶೋಭಳ ಹಟ. ಅವಳ ಗಂಡ ಜೀವಸಹಿತ ಬಂದನಲ್ಲ, ಅದಕ್ಕೇ ಈಗ ಅಣ್ಣ ಬೇಕಾಯಿತು ಎಂದು ನೀನು ಅಂದುಕೊಳ್ಳುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನೆ ಚುಚ್ಚುಮದ್ದಿಗೆ ಹೋಗುವಾಗ ಆಸ್ಪತ್ರೆಯ ಕಾರ್ಡು ತೆಗೆದು ನೋಡಿದೆ. ಹೆಸರಿನ ಜಾಗದಲ್ಲಿ ಶೋಭ ಹೇಳಿದ್ದನ್ನು ರೀನ ಎಂಬ ನರ್ಸ್ ಪೆನ್ಸಿಲ್‌ನಲ್ಲಿ ಮಲಯಾಳದಲ್ಲಿ ಬರೆದಿದ್ದಾಳೆ: 'ಸೋದರಮಾವ ಬಂದ ಮೇಲೆ.' ಪಕ್ಕದಲ್ಲಿ ತಾರೀಖು ಇದೆ, ಸೆಪ್ಟೆಂಬರ್ 13.

ನೀನು ಆಸ್ಪತ್ರೆಗೆ ಹೋಗಿ ನಾನು ಬದುಕಿದ್ದೇನೆ ಎಂದು ಅವಳನ್ನು ನಂಬಿಸಿದ್ದು 15ಕ್ಕೆ.

ಶನಿವಾರ ಮೊದಲ ಬಸ್ಸಿಗೆ ಬಾ.

ನಿನ್ನ ಭಾವ,
ಸುಮೇಶ್